ಅವರು ಬಿಚ್ಚಿಸಿದ ಪ್ಯಾರಾಚೂಟುಗಳು

ಮಾರ್ಚ್ 4, ಮಧ್ಯಾಹ್ನ

ಹಲೋ, ಹಲೋ. ಯಾರಿಗೆ ಹಲೋ ಅನ್ನುತ್ತಿದ್ದೇನೋ ನನಗೇ ಗೊತ್ತಿಲ್ಲ. ಫೋನಿನಲ್ಲಿ ಕೆಂಪು ಚುಕ್ಕೆ ಮಿನುಗುತ್ತಿದೆ, ಕೇಳಿಸಿಕೊಳ್ಳುತ್ತಿದೆ ಎಂದು ಅರ್ಥ. ನನ್ನ ಮಾತಿಗೆ ಆಕಳಿಸದೆ ಕೂರುವ ಪ್ರಾಣಿ ಕೊನೆಗೂ ಒಂದು ಸಿಕ್ಕಿತು.

ಬರೆಯೋಣವೆಂದರೆ ಬಲಗೈ ಹೆಬ್ಬೆರಳಿಗೆ ಐದು ಹೊಲಿಗೆ. ಲಾರಿಗಳ ಟಾರ್ಪಾಲಿನ್ ಹೊಲಿಯುವುದು ನನ್ನ ಕಸುಬು. ಇಪ್ಪತ್ತು ವರ್ಷ ತೆಪ್ಪಗಿದ್ದ ಮಿಷನ್ನು ಮೊನ್ನೆ ನನ್ನನ್ನೇ ಹೊಲಿದುಬಿಟ್ಟಿತು. ತಪ್ಪು ಅದರದಲ್ಲ. ನನ್ನ ಕಣ್ಣು ಪಕ್ಕದಲ್ಲಿದ್ದ ಲಕೋಟೆಯ ಮೇಲಿತ್ತು. ಸೈನ್ಯದ ಮುದ್ರೆ ಒತ್ತಿದ ಲಕೋಟೆ. ಇಪ್ಪತ್ತನಾಲ್ಕು ವರ್ಷದ ಮೇಲೆ ಅವರಿಗೆ ನನ್ನ ವಿಳಾಸ ನೆನಪಾಗಿದೆ.

ಹೊಸ ಕಾನೂನು ಬಂದಿದೆ. ಹಿಂದೆ ಆ ಕಾರಣಕ್ಕೆ ಸೈನ್ಯದಿಂದ ಹೊರಗೆ ಹಾಕಿಸಿಕೊಂಡವರು ಅರ್ಜಿ ಹಾಕಿದರೆ ಬಿಡುಗಡೆ ಪತ್ರವನ್ನು ತಿದ್ದಿಕೊಡುತ್ತಾರಂತೆ. ಆ ಕಾರಣ ಯಾವುದು ಅಂತ ಈ ಫೋನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡಸು ಗಂಡಸನ್ನು ಇಷ್ಟಪಟ್ಟದ್ದು. ಅಷ್ಟೆ. ಸಾಕು.

ನನ್ನ ಪತ್ರದಲ್ಲಿ ಮೂರು ಸಾಲು ಇದೆ. ‘ನಡತೆ ಕೆಟ್ಟದ್ದು. ಸೇವೆಗೆ ಅಯೋಗ್ಯ. ಯಾವ ಕೆಲಸದಲ್ಲೂ ನಂಬತಕ್ಕವನಲ್ಲ.’ ಮೊದಲೆರಡು ಸಾಲು ಇದ್ದರೆ ಇರಲಿ, ಹಾಳಾಗಿ ಹೋಗಲಿ. ಮೂರನೆಯದು ಇರಕೂಡದು. ನಾನು ಅಲ್ಲಿ ಮಾಡುತ್ತಿದ್ದದ್ದು ಪ್ಯಾರಾಚೂಟ್ ಮಡಚುವ ಕೆಲಸ. ವಿಮಾನದ ಬಾಗಿಲಲ್ಲಿ ನಿಂತವನು ಹೆಂಡತಿ ಮಕ್ಕಳನ್ನೆಲ್ಲ ಹಿಂದೆ ಬಿಟ್ಟು, ನನ್ನ ಮುಖವನ್ನೇ ನೋಡದೆ, ನನ್ನ ಸಹಿಯನ್ನು ಮಾತ್ರ ನಂಬಿ ಕೆಳಗೆ ಹಾರುತ್ತಿದ್ದ. ಆರು ವರ್ಷ. ಎರಡು ಸಾವಿರಕ್ಕೂ ಮೇಲೆ ಮಡಚಿದ್ದೇನೆ. ತೆರೆಯದೆ ಹೋದದ್ದು ಒಂದೂ ಇಲ್ಲ. ಒಂದೂ!

ಈಗ ಈ ಫಾರಂ ನೋಡಿ. ಹದಿನಾಲ್ಕು ಪುಟ. ಒಂಬತ್ತನೆಯ ಪ್ರಶ್ನೆ: ‘ಕೃತ್ಯ ಎಲ್ಲಿ, ಯಾವಾಗ, ಎಷ್ಟು ಬಾರಿ ನಡೆಯಿತು? ವಿವರವಾಗಿ ಬರೆಯಿರಿ.’ ಎಷ್ಟು ಬಾರಿ! ಮದುವೆಯಾದ ಕರ್ನಲ್‌ಗಳಿಗೆ ಈ ಲೆಕ್ಕ ಯಾರಾದರೂ ಕೇಳಿದ್ದಾರಾ? ತಪ್ಪು ತಿದ್ದಿಕೊಡುತ್ತೇವೆ ಬಾ ಅಂತ ಕರೆದು, ಬಾಗಿಲಲ್ಲೇ ಮತ್ತೊಮ್ಮೆ ಬಟ್ಟೆ ಬಿಚ್ಚು ಅನ್ನುವವರಿಗೆ ಏನನ್ನಬೇಕು?

ಹನ್ನೆರಡನೆಯದು ಇನ್ನೂ ಚೆನ್ನಾಗಿದೆ. ಆಗ ನನ್ನ ಜೊತೆ ಪ್ಯಾರಾಚೂಟ್ ಮಡಚುವ ಶೆಡ್ಡಿನಲ್ಲಿದ್ದ ಒಬ್ಬರ ಹೇಳಿಕೆ ಲಗತ್ತಿಸಬೇಕು. ಲಗತ್ತಿಸದಿದ್ದರೆ ಅರ್ಜಿ ವಜಾ.

ನಮಗೆ ಕೆಲಸ ಕಲಿಸಿದ ಸಾರ್ಜೆಂಟನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದೆವು. ಅವರಿಗೆ ಫೋನ್ ಮಾಡಿದೆ.

“ನಿನ್ ಕೈ ಕೆಲ್ಸ ಚಿನ್ನ ಕಣಯ್ಯಾ, ಅದ್ರಲ್ಲಿ ಎರಡು ಮಾತಿಲ್ಲ.”

“ಅದನ್ನೇ ನಾಲ್ಕು ಸಾಲು ಬರ್ಕೊಡಿ ಮೇಷ್ಟ್ರೇ.”

“ಬಾಯಲ್ಲಿ ಎಷ್ಟು ಬೇಕಾದ್ರೂ ಹೇಳ್ತೀನಪ್ಪ. ಬರ್ಕೊಡು ಅಂದ್ರೆ… ಈಗ ನಾನು ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ನೋಡು. ನಾಲ್ಕು ಜನ ನಾಲ್ಕು ಥರ ಮಾತಾಡ್ತಾರೆ.”

ಮಾತಾಡುತ್ತಾರಂತೆ. ನನ್ನ ಬಗ್ಗೆ ಇಪ್ಪತ್ತನಾಲ್ಕು ವರ್ಷ ಮಾತಾಡಿದ್ದಾರಲ್ಲ, ಸತ್ತೆನಾ ನಾನು?

ಮಾರ್ಚ್ 6, ಬೆಳಗ್ಗೆ

ಇನ್ನುಳಿದವನು ಒಬ್ಬನೇ. ಅವತ್ತು ನನ್ನ ಮೇಲೆ ಸಾಕ್ಷಿ ಹೇಳಿದವನು. ಅವನ ಹೆಸರನ್ನು ನನ್ನ ಬಾಯಲ್ಲಿ ತರುವುದಿಲ್ಲ.

ಹೇಗಿತ್ತು ಅಂತ ಒಂದು ಸಲ ನೆಟ್ಟಗೆ ಹೇಳಿಬಿಡುತ್ತೇನೆ. ಪ್ಯಾರಾಚೂಟ್ ಮಡಚುವುದು ಒಬ್ಬನ ಕೆಲಸವಲ್ಲ, ಇಬ್ಬರ ಕೆಲಸ. ಉದ್ದನೆಯ ಮೇಜು. ಒಬ್ಬ ಮಡಚುತ್ತಾನೆ, ಇನ್ನೊಬ್ಬ ನೋಡುತ್ತಾನೆ. ಬಟ್ಟೆಯ ಒಂದೊಂದು ಪದರ ಹಾಸಿ, ಜಾರದಂತೆ ಮೇಲೆ ಸಣ್ಣ ಮರಳು ಚೀಲ ಇಟ್ಟು ನಿಲ್ಲಬೇಕು. ನೋಡುವವನು ಬಂದು ಅಂಗೈಯಿಂದ ಸವರಿ “ಸರಿ” ಅಂದ ಮೇಲೆಯೇ ಮುಂದಿನ ಪದರ. ಹಗ್ಗ ಸುತ್ತಿದ ಮೇಲೆ ಇನ್ನೊಂದು “ಸರಿ”. ಚೀಲ ಮುಚ್ಚುವ ಮೊದಲು ಕೊನೆಯ “ಸರಿ”. ಆಮೇಲೆ ಆ ಪ್ಯಾರಾಚೂಟಿನ ಕಾರ್ಡಿನ ಮೇಲೆ ಇಬ್ಬರ ಸಹಿ. ತಿಂಗಳಿಗೊಮ್ಮೆ ಅಧಿಕಾರಿ ಬಂದು ನಾವು ಮಡಚಿದ್ದರಲ್ಲಿ ಯಾವುದೋ ಒಂದನ್ನು ಎತ್ತಿ ನಮ್ಮ ಬೆನ್ನಿಗೇ ಕಟ್ಟಿ ಕೆಳಗೆ ನೂಕುತ್ತಿದ್ದ. ನಿನ್ನ ಕೆಲಸವನ್ನು ನೀನೇ ಪರೀಕ್ಷೆ ಮಾಡು ಅಂತ. ಸರಿಯಾದ ಪದ್ಧತಿ. ಮಂತ್ರಿಗಳಿಗೂ ಇದನ್ನೇ ಮಾಡಬೇಕು.

ಜೋಡಿ ಬದಲಿಸಬಾರದು ಅಂತ ನಿಯಮ ಮಾಡಿದ್ದೇ ಮೇಷ್ಟ್ರು. ಕೈಗೆ ಕೈ ಒಗ್ಗಬೇಕು ಅನ್ನುತ್ತಿದ್ದರು. ನಾನು ಮಡಚುವವನು, ಅವನು ನೋಡುವವನು. ಆರು ವರ್ಷ ಅದೇ ಜೋಡಿ. ಕೈಗೆ ಕೈ ಒಗ್ಗಿತು. ಒಗ್ಗಿದ್ದು ಮೇಜಿನ ಮೇಲೆ ಮಾತ್ರ ಅಲ್ಲ, ನಿಜ. ಆದರೆ ಅದರಿಂದ ಯಾವ ಹಗ್ಗ ಗಂಟುಬಿತ್ತು? ಯಾರ ಕಾಲು ಮುರಿಯಿತು?

ಯಾರೋ ಚಾಡಿ ಹೇಳಿದರು. ವಿಚಾರಣೆಯವರು ಬಂದರು. ಅವರ ಕೈಗೆ ಸಾಕ್ಷಿ ಏನೂ ಸಿಗಲಿಲ್ಲ. ಆಗ ಏನು ಮಾಡಿದರು ಗೊತ್ತಾ? ನಮ್ಮ ಕಾರ್ಡುಗಳನ್ನೆಲ್ಲ ಪೆಟ್ಟಿಗೆಗಟ್ಟಲೆ ತಂದು ಮೇಜಿನ ಮೇಲೆ ಸುರಿದರು. “ಪ್ರತಿಯೊಂದರಲ್ಲೂ ನಿಮ್ಮಿಬ್ಬರದೇ ಸಹಿ ಯಾಕೆ?” ಅಂತ. ನಿಯಮ ಪಾಲಿಸಿದ್ದಕ್ಕೆ ನಿಯಮವನ್ನೇ ಸಾಕ್ಷಿ ಮಾಡಿದರು! ಆರು ದಿನ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಅದೇ ಪ್ರಶ್ನೆ. ನಾನು ಬಾಯಿ ಬಿಡಲಿಲ್ಲ. ನಾನು! ಶೆಡ್ಡಿನಲ್ಲಿ ನನಗೆ ರೇಡಿಯೋ ಅಂತ ಅಡ್ಡಹೆಸರು. ಆರು ದಿನ ರೇಡಿಯೋ ಬಂದ್.

ಏಳನೆಯ ದಿನ ಅವನ ಹೇಳಿಕೆ ತಂದು ನನ್ನ ಮುಂದೆ ಓದಿದರು. ‘ಮೊದಲು ಕೈ ಹಿಡಿದವನು ಅವನು. ನಾನು ಬೇಡವೆಂದೆ.’ ಕೆಳಗೆ ಸಹಿ. ಆ ಸಹಿಯನ್ನು ನಾನು ಗುರುತಿಸಲಾರೆನೇ? ಮೊದಲು ಕೈ ಹಿಡಿದವನು ಅವನೇ, ಗೂಬೆ! ಪೆಟ್ರೋಲ್ ಡ್ರಮ್ಮಿನ ಹಿಂದೆ.

ನಾನು ಹೊರಗೆ ಬಿದ್ದೆ. ಅವನು ಒಳಗೆ ಉಳಿದ. ಹೊರಡುವ ದಿನ ಸಮವಸ್ತ್ರ ಒಪ್ಪಿಸಲು ಶೆಡ್ಡಿನ ಮುಂದೆ ಹೋಗಬೇಕಾಯಿತು. ಬಾಗಿಲು ತೆರೆದಿತ್ತು. ನಾನು ಮಡಚಿಟ್ಟಿದ್ದ ಪ್ಯಾರಾಚೂಟುಗಳನ್ನೆಲ್ಲ ಬಿಚ್ಚಿ ನೆಲದ ಮೇಲೆ ರಾಶಿ ಹಾಕಿದ್ದರು. ನೂರಾ ಹದಿನೇಳು. ಇವನ ಕೈ ಮುಟ್ಟಿದ್ದು ಯಾವುದೂ ಯಾರ ಬೆನ್ನಿಗೂ ಹೋಗಕೂಡದು ಅಂತ ಆಜ್ಞೆ. ಬೈದದ್ದು ಮರೆತಿದ್ದೇನೆ, ಗೇಟಿನಲ್ಲಿ ಉಗಿದವನನ್ನೂ ಮರೆತಿದ್ದೇನೆ. ಆ ರಾಶಿಯನ್ನು ಮರೆತಿಲ್ಲ.

ಪತ್ರ ತಿದ್ದುವುದಾದರೆ ಹೀಗೆ ತಿದ್ದಲಿ: ಇವನನ್ನು ಹಾಳು ಮಾಡಿದವನು ಇಂಥವನು, ಇವನ ಜೊತೆಯಲ್ಲೇ ಇದ್ದವನು. ಹೆಸರು ಸಮೇತ ಬರೆಯಲಿ. ನನಗೆ ಅಷ್ಟೇ ಬೇಕು.

ಮಾರ್ಚ್ 9, ಸಂಜೆ

ಅರ್ಜಿಯ ಕಚೇರಿಗೆ ಹೋಗಿದ್ದೆ. ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿದೆ. ನಮ್ಮಂಥವರ ಅರ್ಜಿ ತೆಗೆದುಕೊಳ್ಳುವ ಕಚೇರಿ ಮೂರನೆಯ ಮಹಡಿಯಲ್ಲಿ ಯಾಕಿದೆ ಅಂದರೆ, ಅರ್ಧ ಜನ ಎರಡನೆಯದರಲ್ಲೇ ಸತ್ತುಹೋಗಲಿ ಅಂತಲೇ ಇರಬೇಕು.

ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಮುದುಕರಿದ್ದರು. ಎಂಬತ್ತೆರಡು ವರ್ಷ. ನೌಕಾಪಡೆಯಲ್ಲಿ ಅಡುಗೆಯವರಾಗಿದ್ದರಂತೆ. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.

“ನಿಂದ್ಯಾವ ವರ್ಷ ಮರೀ?” ಅಂದರು.

ಐವತ್ತು ವರ್ಷದವನಿಗೆ ಮರೀ ಅನ್ನುವವರು ಸಿಗುವುದು ಅಪರೂಪ. ವರ್ಷ ಹೇಳಿದೆ.

“ಓ, ನೀನು ಮೊನ್ನೆ ಮೊನ್ನೆಯವನು. ನಂದು ಯುದ್ಧ ಮುಗಿದ ವರ್ಷ. ಯುದ್ಧ ನಡೀವಾಗ ಹಡಗಲ್ಲಿ ಎಲ್ರಿಗೂ ಗೊತ್ತಿತ್ತು. ಕ್ಯಾಪ್ಟನ್‌ಗೂ ಗೊತ್ತಿತ್ತು. ಗುಂಡು ಬೀಳ್ತಿರೋವಾಗ ಯಾರೂ ಕೇಳ್ಲಿಲ್ಲ. ಬಂದರಿಗೆ ಬಂದ್ವಿ, ಬ್ಯಾಂಡ್ ಬಾರಿಸಿದ್ರು, ಹಾರ ಹಾಕಿದ್ರು, ಎಂಟು ದಿನಕ್ಕೆ ಕೇಳಿದ್ರು.”

“ಅಂದ್ರೆ ಸಾಯೋಕೆ ಆಗ್ತೀವಿ, ಬದುಕೋಕೆ ಆಗಲ್ಲ.”

“ಮೆಲ್ಲಗೆ ಮಾತಾಡೋ, ಅವಳು ಹೆದರ್ಕೋತಾಳೆ.” ಕಿಟಕಿಯ ಆಚೆ ಕೂತಿದ್ದ ಗುಮಾಸ್ತೆಯನ್ನು ತೋರಿಸಿದರು.

ಗುಮಾಸ್ತೆ ಹೆದರುವ ಪೈಕಿ ಅಲ್ಲ. ಮೂವತ್ತು ವರ್ಷ ಇರಬಹುದು, ಮೂಗಿನ ತುದಿಯಲ್ಲಿ ಕನ್ನಡಕ. ಅವಳ ಹಿಂದೆ ಗೋಡೆಯಿಡೀ ಫೈಲು. ಅರವತ್ತು ವರ್ಷದ ಫೈಲುಗಳಂತೆ. ಅಡುಗೆಯವರು, ಕಂಪೌಂಡರು, ಪೈಲಟ್, ನರ್ಸಮ್ಮಂದಿರು, ಬ್ಯಾಂಡಿನವರು. ನಾನೊಬ್ಬನೇ ಅಂದುಕೊಂಡು ಇಪ್ಪತ್ತನಾಲ್ಕು ವರ್ಷ ತಲೆ ತಗ್ಗಿಸಿಕೊಂಡು ಟಾರ್ಪಾಲಿನ್ ಹೊಲಿದೆನಲ್ಲ, ಇಲ್ಲಿ ನೋಡಿದರೆ ಒಂದು ಪಟಾಲಮ್ಮೇ ಇದೆ.

“ಒಂಬತ್ತನೇದು ಖಾಲಿ ಬಿಟ್ಟಿದೀರಿ ಸಾರ್,” ಅಂದಳು.

“ಬಿಟ್ಟಿದೀನಿ.”

“ಖಾಲಿ ಇದ್ರೆ ಕಂಪ್ಯೂಟರ್ ತಗೊಳ್ಳಲ್ಲ.”

“ಹಾಗಾದ್ರೆ ಕಂಪ್ಯೂಟರಿಗೇ ಬರೀರಿ, ನಿನ್ನ ಕೆಲ್ಸ ನೋಡ್ಕೋ ಅಂತ.”

ಅವಳು ನಗಲಿಲ್ಲ. ಒಂದು ಕ್ಷಣ ನನ್ನನ್ನೇ ನೋಡಿ, ಆ ಜಾಗದಲ್ಲಿ ಏನೋ ಟೈಪ್ ಮಾಡಿದಳು. ಬಗ್ಗಿ ನೋಡಿದೆ. ‘ಅರ್ಜಿದಾರರ ಸ್ವಂತ ವಿಷಯ’ ಅಂತ ಇತ್ತು. ಕಂಪ್ಯೂಟರ್ ತೆಪ್ಪಗೆ ನುಂಗಿತು. “ಹನ್ನೆರಡನೇದಕ್ಕೆ ಮಾತ್ರ ನಾನೇನೂ ಮಾಡೋಕಾಗಲ್ಲ. ತಿಂಗಳ ಕೊನೆಯೊಳಗೆ ಒಬ್ಬರ ಹೇಳಿಕೆ ತನ್ನಿ,” ಅಂದಳು.

ಮಾರ್ಚ್ 10

ಮಾತಿಲ್ಲ. ಬೆರಳು ನೋಯುತ್ತಿದೆ.

ಮಾರ್ಚ್ 14, ಸಂಜೆ

ಇದನ್ನು ಹೇಳದೆ ಇರಲಾರೆ. ನಾನೂ ನನ್ನ ಅಕ್ಕನೂ ಒಂದೇ ಮನೆಯಲ್ಲಿ ಇರುವುದು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತಳಾದವಳು. ಜಗತ್ತಿನ ಎಲ್ಲರ ಮಾತು ಕೇಳಿಸಿಕೊಂಡವಳು, ನನ್ನನ್ನು ಮಾತ್ರ ಏನೂ ಕೇಳಿರಲಿಲ್ಲ. ಇವತ್ತು ತಿಂಡಿ ತಟ್ಟೆಯ ಪಕ್ಕ ಫಾರಮ್ಮಿನ ನಕಲು ಇಟ್ಟಳು.

“ಏನೋ ಇದು?”

“ಏನಿಲ್ಲಕ್ಕ, ಆಫೀಸ್ ಕಾಗದ.”

“ಕನ್ನಡಕ ಹಾಕ್ಕೊಂಡೇ ಓದಿದೀನಿ. ಏನಿಲ್ಲ ಅನ್ಬೇಡ.”

ತಲೆ ಎತ್ತಲಿಲ್ಲ ನಾನು. ಈಗ ಶುರುವಾಗುತ್ತದೆ ಅಂದುಕೊಂಡೆ.

“ಹಾಗಾದ್ರೆ ನೀನು ಬಟ್ಟೆ ಕದ್ದಿಲ್ವಾ?”

“ಯಾವ ಬಟ್ಟೆ?”

“ಪ್ಯಾರಾಚೂಟ್ ಬಟ್ಟೆ ಕಣೋ! ಥಾನುಗಟ್ಟಲೆ ಕದ್ದು ಮಾರಿದೀಯ, ಅದಕ್ಕೇ ಓಡಿಸಿದ್ರು ಅಂತ ಅಪ್ಪ ಹೇಳಿದ್ದು! ನಾನು ಬಂಧು ಬಳಗಕ್ಕೆಲ್ಲ ಹಾಗೇ ಹೇಳಿದೀನಿ! ಇಪ್ಪತ್ನಾಲ್ಕು ವರ್ಷ ನನ್ನ ಬಟ್ಟೆ ಬೀರೂಗೆ ಬೀಗ ಹಾಕ್ಕೊಂಡು ಬಂದಿದೀನಲ್ಲೋ!”

ನಗಬೇಕೋ ಎದ್ದು ಹೋಗಬೇಕೋ ತಿಳಿಯಲಿಲ್ಲ. ಆ ಬೀಗ ನಾನು ದಿನಾ ನೋಡಿದ್ದೇನೆ. ಅವಳಿಗೆ ಜಿರಳೆ ಭಯ ಅಂದುಕೊಂಡಿದ್ದೆ.

“ಅಕ್ಕ, ನೀನು ನನ್ನನ್ನ ಕಳ್ಳ ಅಂದ್ಕೊಂಡು ಇಷ್ಟು ವರ್ಷ ಊಟ ಹಾಕಿದ್ಯಾ?”

“ತಮ್ಮ ಅಲ್ವೇನೋ. ಕಳ್ಳ ಆದ್ರೆ ಹಸಿವಾಗಲ್ವಾ?” ಅಂದಳು. ಆಮೇಲೆ ಕಾಗದ ತಿರುಗಿಸಿ ತಿರುಗಿಸಿ ನೋಡಿ, “ಇಷ್ಟೇನಾ? ಇಷ್ಟಕ್ಕೆ ಯಾರಾದ್ರೂ ಕೆಲಸದಿಂದ ತೆಗೀತಾರಾ? ನಮ್ಮ ಎಕ್ಸ್‌ಚೇಂಜಲ್ಲಿ ಹಾಗೆ ತೆಗೆದಿದ್ರೆ ಫೋನೇ ಹೋಗ್ತಿರಲಿಲ್ಲ,” ಅಂದಳು.

ಅಪ್ಪ ಆಗ ರೆಜಿಮೆಂಟಿಗೆ ಹೋಗಿ ವಿಚಾರಿಸಿ ಬಂದಿದ್ದರು. ಅವರಿಗೆ ನಿಜ ಹೇಳಿದ್ದರೋ ಇಲ್ಲವೋ. ಹೇಳಿದ್ದರೆ, ನನ್ನಪ್ಪ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಯೋಚಿಸಿ, ಮಗ ಕಳ್ಳನಾದರೆ ವಾಸಿ ಎಂದು ತೀರ್ಮಾನಿಸಿದ ಹಾಗಾಯಿತು. ಈಗ ಕೇಳೋಣವೆಂದರೆ ಅವರಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡರೆ ಅದು ಎಲ್ಲಿಗೂ ಹೋಗುವುದಿಲ್ಲ, ಎದೆಯಲ್ಲೇ ಸುತ್ತುತ್ತದೆ.

“ಆ ಇನ್ನೊಬ್ಬ ಯಾರು?” ಅಂತ ಅಕ್ಕ.

“ಇದ್ದ ಒಬ್ಬ.”

“ರಜಕ್ಕೆ ಒಂದ್ಸಲ ಕರ್ಕೊಂಡು ಬಂದಿದ್ಯಲ್ಲ, ಉದ್ದಕ್ಕೆ, ಬಾಗಿಲಿಗೆ ತಲೆ ಹೊಡ್ಕೊಂಡು ‘ಬಾಗಿಲಿಗೆ ಪೆಟ್ಟಾಯ್ತೇನೋ’ ಅಂದನಲ್ಲ, ಅವನಾ? ಒಳ್ಳೇ ಹುಡುಗ.”

“ಒಳ್ಳೇ ಹುಡುಗನಂತೆ! ನನ್ನ ಮೇಲೆ ಸಾಕ್ಷಿ ಹೇಳಿದವನು ಅವನೇ ಅಕ್ಕ.”

“ಹಾಗಾದ್ರೆ ಹೋಗಿ ಅವನನ್ನೇ ಕೇಳು. ಅವತ್ತು ಹೇಳಿದವನು ಇವತ್ತೂ ಹೇಳಲಿ.”

ಮಧ್ಯಾಹ್ನದಿಂದ ಫೋನ್ ಹಿಡಿದು ಕೂತಿದ್ದಾಳೆ. ಚಿಕ್ಕಮ್ಮ, ಸೋದರತ್ತೆ, ಅವರ ಸೊಸೆ, ಒಬ್ಬೊಬ್ಬರಿಗೂ. “ಕಳ್ಳ ಅಲ್ವಂತೆ ಕಣೆ ನನ್ನ ತಮ್ಮ. ಅಲ್ಲ, ಬೇರೆ. ಹೇಳ್ತೀನಿ ಕೂತ್ಕೋ.” ಮನೆಯಿಂದ ಹೊರಗೆ ಬಂದುಬಿಟ್ಟೆ.

ಮಾರ್ಚ್ 19, ಸಂಜೆ

ನೋಡಿ ಬಂದೆ. ಮೇಷ್ಟ್ರು ವಿಳಾಸ ಕೊಟ್ಟರು. ಅದಕ್ಕೆ ಸಹಿ ಬೇಕಾಗಿರಲಿಲ್ಲವಲ್ಲ.

ಬಸ್ ಡಿಪೋ. ಅವನು ಅಲ್ಲಿ ಟೈಮ್ ಕೀಪರ್. ಗಾಜಿನ ಗೂಡು, ಒಳಗೆ ಕುರ್ಚಿ, ಮೈಕು, ಗೋಡೆ ಗಡಿಯಾರ. ಸಾಕ್ಷಿ ಹೇಳಿದವನು ಗೂಡಿನೊಳಗೆ ಮಂಡಿ ಮಡಚಿಕೊಂಡು ಕೂತಿದ್ದ. ಕೂದಲು ಪೂರಾ ಬಿಳಿ. ನನ್ನನ್ನು ಕಂಡು ಎದ್ದುನಿಂತ. ತಲೆ ಮೇಲಿನ ಬಲ್ಬಿಗೆ ತಾಗಿತು.

“ರೇಡಿಯೋ,” ಅಂದ.

ಬೈಯಲೆಂದೇ ಹೋಗಿದ್ದೆ. ದಾರಿಯಲ್ಲೆಲ್ಲ ಬೈಗುಳ ಜೋಡಿಸಿಕೊಂಡಿದ್ದೆ, ಒಳ್ಳೊಳ್ಳೆಯವು. ಫಾರಂ ಕೊಟ್ಟು, “ಓದು” ಅಂದೆ ಅಷ್ಟೆ.

ಓದಿದ. ಮಧ್ಯೆ ಮೈಕಿಗೆ ಬಗ್ಗಿ, “ನಲವತ್ತೇಳು ನಂಬರ್ ಮೂರನೇ ಅಂಕಣದಿಂದ ಹೊರಡುತ್ತದೆ,” ಅಂದ. ಮೈಕು ಆರಿಸಿ, ಅದರ ಮೇಲೆ ಕೈಯನ್ನೂ ಮುಚ್ಚಿಕೊಂಡು ನನ್ನ ಕಡೆ ತಿರುಗಿದ.

“ಯಾಕೆ ಹಾಗೆ ಬರ್ಕೊಟ್ಟೆ? ಮೊದಲು ಕೈ ಹಿಡಿದವನು ನಾನಾ?” ಅಂದೆ.

“ಅಲ್ಲ.”

“ಮತ್ತೆ?”

“ಅವರೇ ಬರೆದಿದ್ರು. ಸಹಿ ಮಾತ್ರ ನಂದು. ಆರು ದಿನ ಕಣೋ. ಏಳನೇ ದಿನ ನಂಗೆ ನಿದ್ದೆ ಬೇಕಿತ್ತು. ಅಷ್ಟೆ. ಹೇಳೋಕೆ ಬೇರೆ ದೊಡ್ಡ ಕಾರಣ ಏನಾದ್ರೂ ಸಿಗುತ್ತಾ ಅಂತ ಇಷ್ಟು ವರ್ಷ ಹುಡುಕಿದೆ. ಇಲ್ಲ.”

ಡ್ರೈವರ್ ಒಬ್ಬ ಕಿಟಕಿಯಲ್ಲಿ ತಲೆ ಹಾಕಿದ. “ಏನ್ ಸಾರ್, ನಂದು ಎರಡು ನಿಮಿಷ ಲೇಟ್ ಬರೆದಿದೀರಾ?”

“ಎರಡಲ್ಲ, ಮೂರು. ಪಾಪ ಅಂತ ಒಂದು ಬಿಟ್ಟಿದೀನಿ. ಹೋಗಯ್ಯಾ.”

ಅವನು ಹೋದ ಮೇಲೆ ನಾನು ರಾಶಿಯ ವಿಷಯ ಎತ್ತಿದೆ. “ನಾನು ಮಡಚಿದ್ದನ್ನೆಲ್ಲ ಬಿಚ್ಚಿ ಹಾಕಿದ್ರಲ್ಲ, ಅದನ್ನ ನೋಡ್ಕೊಂಡು ಸುಮ್ನೆ ನಿಂತಿದ್ಯಾ?”

“ನಿಂತಿರಲಿಲ್ಲ. ಬಿಚ್ಚಿದ್ದು ನಾನೇ.”

ಗಡಿಯಾರದ ಕಡೆ ನೋಡುತ್ತಲೇ ಮುಂದುವರಿಸಿದ.

“ಆಜ್ಞೆ ನಂಗೇ ಕೊಟ್ರು. ನೀನು ನೋಡಿದೋನು, ನೀನೇ ಬಿಚ್ಚು ಅಂತ. ನೂರಾ ಹದಿನೇಳೂ ಒಬ್ಬನೇ ಬಿಚ್ಚಿದೆ. ನಾನೇ ಸರಿ ಅಂದಿದ್ದು. ಒಂದೊಂದು ಪದರವೂ ಸರಿಯಾಗೇ ಇತ್ತು. ಒಂದೊಂದು ಕಾರ್ಡ್ ಮೇಲೂ ಬರೆದೆ, ‘ಬಿಚ್ಚಿ ನೋಡಿದೆ, ದೋಷವಿಲ್ಲ’ ಅಂತ. ಸಾಹೇಬ್ರು ಕಾರ್ಡೆಲ್ಲ ಒಲೆಗೆ ಹಾಕಿಸಿದ್ರು.”

ನೂರಾ ಹದಿನೇಳು ಸಲ ಬರೆದನಂತೆ. ಅವನ ಅಕ್ಷರ ಕೋಳಿ ಕೆದರಿದ ಹಾಗೆ. ಎಷ್ಟು ಹೊತ್ತು ಹಿಡಿದಿರಬೇಕು.

ಆಮೇಲೆ ಜೇಬಿನಿಂದ ಪರ್ಸು ತೆಗೆದು ಒಂದು ಕಾಗದ ಬಿಡಿಸಿದ. ಮಡಿಕೆಗಳಲ್ಲಿ ಹರಿದಿತ್ತು. ಅವನ ಬಿಡುಗಡೆ ಪತ್ರ. ನಾನು ಹೋದ ಮೇಲೆ ಹನ್ನೊಂದು ವರ್ಷ ಅಲ್ಲೇ ಇದ್ದನಲ್ಲ. ‘ನಡತೆ ಉತ್ತಮ. ಎಲ್ಲ ಕೆಲಸದಲ್ಲೂ ಪೂರ್ಣವಾಗಿ ನಂಬತಕ್ಕವನು.’

“ಇದನ್ನ ತೋರಿಸೇ ಈ ಕೆಲಸ ಸಿಕ್ಕಿದ್ದು,” ಅಂದ. “ನಿನ್ನ ಕಾಗದ ತಿದ್ದೋಕೆ ಹದಿನಾಲ್ಕು ಪುಟದ ಫಾರಂ ಇದೆ. ಇದನ್ನ ತಿದ್ದೋಕೆ ಇದೆಯಾ?”

ಕಾಗದವನ್ನು ಹಳೇ ಮಡಿಕೆಗಳಲ್ಲೇ ಮಡಚಿ ಅವನ ಕೈಗೆ ಕೊಟ್ಟೆ.

“ಹೇಳಿಕೆ ಬರ್ಕೊಡ್ತೀಯಾ?”

“ಮನೇಲಿ ಹೆಂಡ್ತಿ ಇದಾಳೆ ರೇಡಿಯೋ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ನಿನ್ನ ಕೆಲಸದ ಬಗ್ಗೆ ಬರೀತೀನಿ. ಉಳಿದದ್ದು… ಆಗಲ್ಲ.”

“ಆಗಲ್ಲ ಅಂತ ಹೇಳೋದ್ರಲ್ಲಿ ನೀನು ಮೊದಲಿಂದ್ಲೂ ಗಟ್ಟಿಗ,” ಅಂತ ಹೇಳಿ ಎದ್ದು ಬಂದೆ. ಬೆನ್ನ ಹಿಂದೆ ಮೈಕಿನಲ್ಲಿ ಹನ್ನೆರಡನೆಯ ನಂಬರಿನ ಬಸ್ಸು ಹೊರಟಿತು. ಧ್ವನಿ ಎಲ್ಲೂ ನಡುಗಲಿಲ್ಲ. ಕಳ್ಳ.

ಮಾರ್ಚ್ 23

ಅಂಗಡಿಯ ಬಾಗಿಲ ಸಂದಿಯಲ್ಲಿ ಲಕೋಟೆ ಇತ್ತು. ಅರ್ಧ ಪುಟ. ‘ಆರು ವರ್ಷ ಇವರ ಕೆಲಸವನ್ನು ನಾನು ನೋಡಿದ್ದೇನೆ. ಇವರು ಮಡಚಿದ ನೂರಾ ಹದಿನೇಳನ್ನು ಬಿಚ್ಚಿಯೂ ನೋಡಿದ್ದೇನೆ. ದೋಷವಿಲ್ಲ.’ ಕೋಳಿ ಕೆದರಿದ ಅಕ್ಷರವೇ. ಹೆಬ್ಬೆರಳಿನ ಹೊಲಿಗೆ ಬಿಚ್ಚಿದರು ಇವತ್ತು. ಬರೆಯಬಹುದು ಈಗ. ಆದರೂ ಇದರಲ್ಲೇ ಹೇಳುತ್ತಿದ್ದೇನೆ, ಅಭ್ಯಾಸವಾಗಿಬಿಟ್ಟಿದೆ.

ಹೇಳಿಕೆ ಕೊಟ್ಟು ಬಂದೆ. ಗುಮಾಸ್ತೆ ಎರಡು ಸಲ ಓದಿ, “ಇವರೂ ಅರ್ಜಿ ಹಾಕಿದಾರಾ?” ಅಂದಳು.

“ಅವನನ್ನ ಹೊರಗೇ ಹಾಕಿಲ್ವಲ್ಲಮ್ಮ.”

“ಹೌದಲ್ವಾ,” ಅಂದಳು. “ಅಂಥವರಿಗೆ ನಮ್ಮಲ್ಲಿ ಕಾಲಂ ಇಲ್ಲ.”

ಅದು ಯಾಕಿಲ್ಲ ಅಂತ ನನಗೆ ದಿನವಿಡೀ ತಲೆ ಕೆಟ್ಟುಹೋಯಿತು. ಹೊರಗೆ ಹಾಕಿಸಿಕೊಂಡವರ ಲೆಕ್ಕ ಗೋಡೆಯಿಡೀ ಇದೆ. ಬಾಯಿ ಮುಚ್ಚಿಕೊಂಡು, ಪಕ್ಕದವನ ಮೇಲೆ ಸಹಿ ಹಾಕಿ, ಎದೆಯ ಮೇಲೆ ಪದಕ ಹೊತ್ತುಕೊಂಡು ಒಳಗೇ ಸವೆದವರ ಲೆಕ್ಕ ಎಲ್ಲಿದೆ? ನಮ್ಮ ಶೆಡ್ಡಿನಲ್ಲೇ ಇನ್ನೆಷ್ಟು ಜನ ಇದ್ದರೋ. ಕೊಕ್ಕರೆ ಅಂತ ಕರೆಯುತ್ತಿದ್ದೆವು ಅವನನ್ನು, ಕಾಲು ಉದ್ದ ಅಂತ. ಕೊಕ್ಕರೆ ಹನ್ನೊಂದು ವರ್ಷ ಒಂಟಿ ಕಾಲಲ್ಲಿ ನಿಂತ ಹಾಗೆ ನಿಂತಿದ್ದನಲ್ಲ, ಅದಕ್ಕೆ ಯಾವ ಪುಟದಲ್ಲಿ ಜಾಗ?

ಏಪ್ರಿಲ್ 2

ವಿಚಾರಣೆ ಹನ್ನೊಂದನೇ ತಾರೀಕು. ಕಾಗದ ಬಂದಿದೆ. ಕೊಕ್ಕರೆಗೂ ಒಂದು ಹೋಗಿದೆಯಂತೆ, ಬೇಕಾದರೆ ಕರೆಯುತ್ತೇವೆ, ಹೊರಗೆ ಇರತಕ್ಕದ್ದು ಅಂತ. ಫೋನ್ ಮಾಡಿ ಕೇಳಿದೆ, ಮನೆಗೆ ಬಂದ ಲಕೋಟೆ ಹೆಂಡತಿಯ ಕೈಗೆ ಸಿಕ್ಕಿತಾ ಅಂತ. ಸಿಕ್ಕಿತಂತೆ. “ಏನಂದ್ರು?” ಅಂದೆ. “ಓದಿ ಮೇಜಿನ ಮೇಲಿಟ್ಟಳು. ಏನೂ ಅಂದಿಲ್ಲ,” ಅಂದ. ಊಟ ಮಾಡಿದೆಯಾ ಅಂತ ಕೇಳಿ ಇಟ್ಟೆ. ಅಂಗಿ ಇಸ್ತ್ರಿ ಮಾಡಿಸಬೇಕು.

ಏಪ್ರಿಲ್ 11, ಮಧ್ಯಾಹ್ನ, ಕಚೇರಿಯ ಪಡಸಾಲೆ

ಈಗ ತಾನೇ ಹೊರಗೆ ಬಂದೆ. ಬಿಸಿ ಬಿಸಿ ಇರುವಾಗಲೇ ಹೇಳಿಬಿಡುತ್ತೇನೆ.

ಮೂವರು ಕೂತಿದ್ದರು. ನಡುವಿನವರು ಅಧ್ಯಕ್ಷರು, ನಿವೃತ್ತ ಬ್ರಿಗೇಡಿಯರ್, ಮೆದು ಮಾತು. ಮೂಲೆಯಲ್ಲಿ ನಮ್ಮ ಗುಮಾಸ್ತೆ, ನಡೆದದ್ದನ್ನು ದಾಖಲಿಸಲು ಕೂತಿದ್ದಳು.

“ನಿಮಗೆ ಒಳ್ಳೇ ಸುದ್ದಿ,” ಅಂದರು ಅಧ್ಯಕ್ಷರು. “ಇವತ್ತೇ ಮುಗಿಸಿಬಿಡಬಹುದು. ಅವತ್ತು ನಿಮ್ಮ ಮೇಲೆ ಹೇಳಿಕೆ ಕೊಟ್ಟವನೇ ಇವತ್ತು ನಿಮ್ಮನ್ನ ಹೊಗಳಿ ಬರೆದಿದಾನೆ. ಅಂದ್ರೆ ಅವತ್ತಿನದು ಸುಳ್ಳು. ಜೊತೆಗಾರನ ಸುಳ್ಳು ದೂರಿನಿಂದ ಒಬ್ಬ ನಿರಪರಾಧಿಗೆ ಅನ್ಯಾಯವಾಗಿದೆ ಅಂತ ಬರೆದು, ಮೂರೂ ಸಾಲು ತೆಗೆಸ್ತೀವಿ. ನೀವಿಲ್ಲಿ ಸಹಿ ಹಾಕಿದ್ರೆ ಸಾಕು.”

ಕಾಗದ ತಳ್ಳಿದರು. ಟೈಪ್ ಆಗಿ ಸಿದ್ಧವಾಗಿಯೇ ಇತ್ತು. ಅವನ ಹೆಸರೂ ಇತ್ತು, ಪೂರ್ತಿ, ಇನಿಷಿಯಲ್ ಸಮೇತ. ‘ಎಲ್ಲ ಕೆಲಸದಲ್ಲೂ ನಂಬತಕ್ಕವನು’ ಅಂತ ನನ್ನ ಹೆಸರಿನ ಮುಂದೆ. ಕಣ್ಣಾರೆ ಓದಿದೆ. ಪೆನ್ನೂ ಕೈಗೆ ಬಂತು.

“ಸಾರ್, ಅವತ್ತಿನದರಲ್ಲಿ ಸುಳ್ಳು ಯಾವುದು?” ಅಂದೆ.

“ಅದೇ, ನೀವು ಆ ಥರದವರು ಅನ್ನೋದು.”

“ಅದು ನಿಜ ಸಾರ್.”

ಮೂವರೂ ಒಟ್ಟಿಗೆ ಕುರ್ಚಿಯಲ್ಲಿ ಸರಿದು ಕೂತರು.

“ನಾನು ಸಲಿಂಗಿ. ಆಗಲೂ ಆಗಿದ್ದೆ, ಈಗಲೂ ಆಗಿದೀನಿ. ಪ್ಯಾರಾಚೂಟ್ ಸರಿಯಾಗಿ ಮಡಚುತ್ತಿದ್ದದ್ದೂ ನಿಜ. ಎರಡೂ ಒಬ್ಬನೇ. ಸುಳ್ಳು ಇರೋದು ನಿಮ್ಮ ರೆಜಿಮೆಂಟಿನ ಕಾಗದದಲ್ಲಿ, ಅವನದರಲ್ಲಿ ಅಲ್ಲ. ಅವನನ್ನ ಆರು ದಿನ ಮಲಗೋಕೆ ಬಿಡದೆ ಬರೆಸ್ಕೊಂಡವರು ಯಾರು? ಅವರ ಹೆಸರು ಇದರಲ್ಲಿ ಎಲ್ಲಿದೆ?”

“ನೋಡಿ,” ಅಂದರು ಅಧ್ಯಕ್ಷರು, ಇನ್ನೂ ಮೆತ್ತಗೆ. “ರೆಜಿಮೆಂಟಿನ ಆಜ್ಞೆಯೇ ತಪ್ಪು ಅಂತ ಬರೀಬೇಕು ಅಂದ್ರೆ ಮೇಲೆ ಹೋಗ್ಬೇಕು. ವರ್ಷಗಟ್ಟಲೆ ಆಗುತ್ತೆ. ಆಗದೇನೂ ಇರಬಹುದು. ಇದು ಸುಲಭದ ದಾರಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

“ಅವತ್ತೂ ಒಳ್ಳೇದಕ್ಕೇ ಅಂದಿದ್ರು ಸಾರ್. ಸುಮ್ಮನೆ ಒಪ್ಕೋ, ಸುಲಭ ಅಂತ. ಇವತ್ತು ಅಲ್ಲ ಅಂತ ಒಪ್ಕೋಬೇಕಾ? ನೀವು ತಪ್ಪು ಮಾಡಿದ್ದಕ್ಕೆ ಇನ್ನೂ ಎಷ್ಟು ಸಲ ನಾವೇ ಒಬ್ಬರನ್ನೊಬ್ಬರು ಬಲಿ ಕೊಡ್ಬೇಕು?”

“ಸಹಿ ಹಾಕದಿದ್ರೆ ಹಳೇ ಪತ್ರವೇ ಉಳಿಯುತ್ತೆ. ಮೂರು ಸಾಲೂ.”

ಪೆನ್ನು ಇಟ್ಟೆ. ಇನ್ನೂ ಏನೋ ಕೂಗಿದೆ, ನೆನಪಿಲ್ಲ. ಹೊರಗೆ ಬಂದೆ.

ಕೊಕ್ಕರೆ ಅಲ್ಲೇ ಬೆಂಚಿನ ಮೇಲಿದ್ದಾನೆ. ಬೆಳಗ್ಗೆ ಒಂಬತ್ತರಿಂದ ಕೂತಿದ್ದಾನಂತೆ. ಕರೆದಿಲ್ಲ. ನನ್ನನ್ನೇ ನೋಡುತ್ತಿದ್ದಾನೆ. ತಾಳಿ, ಇದನ್ನು ನಿಲ್ಲಿಸುತ್ತೇನೆ.

ಅದೇ ದಿನ, ಅದೇ ಜಾಗ

ಮತ್ತೆ ಕೆಂಪು ಚುಕ್ಕೆ ಒತ್ತಿದ್ದೇನೆ. ಹೇಳಿದೆ ಅವನಿಗೆ. ನಿನ್ನದು ಸುಳ್ಳು ದೂರು ಅಂತ ಬರೆದುಕೊಂಡಿದ್ದರು, ನಾನು ಆ ಥರದವನೇ ಅಂತ ಹೇಳಿ ಸಹಿ ಹಾಕಲಿಲ್ಲ ಅಂತ.

“ಹಾಕಿದ್ರೆ ನಿನ್ನ ಕಾಗದ ಸರಿಹೋಗ್ತಿತ್ತಲ್ಲೋ.”

“ಹೋಗ್ತಿತ್ತು.”

“ಹುಚ್ಚ,” ಅಂದ. ಆಮೇಲೆ ಎದ್ದ, ಅಂಗಿ ಸರಿಮಾಡಿಕೊಂಡ, ತಲೆ ತಗ್ಗಿಸಿ ಬಾಗಿಲು ದೂಡಿ ಒಳಗೆ ಹೋಗೇಬಿಟ್ಟ. ತಡೆಯಲು ಕೈ ಚಾಚಿದೆ, ಸಿಗಲಿಲ್ಲ. ಬಾಗಿಲು ಅರ್ಧ ತೆರೆದೇ ಇದೆ.

“ನಿಮ್ಮನ್ನ ಕರೆದಿಲ್ಲ,” ಅನ್ನುತ್ತಿದ್ದಾರೆ ಅಧ್ಯಕ್ಷರು.

“ಗೊತ್ತು ಸಾರ್. ಕರೆಯಲ್ಲ ಅಂತ ಗೊತ್ತಾಗಿಯೇ ಬಂದೆ.”

“ನಿಮ್ಮ ಹೇಳಿಕೆ ನಮ್ಮ ಹತ್ರ ಇದೆ.”

“ಅದು ಅರ್ಧ. ಉಳಿದದ್ದು ಹೇಳ್ತೀನಿ, ಬರ್ಕೊಳ್ಳಿ. ಅವನು ಒಳಗೆ ಹೇಳಿದ್ದು ನಿಜ. ನಾನೂ ಅವನಂಥವನೇ. ಮೊದಲು ಕೈ ಹಿಡಿದವನು ನಾನು. ಅವನು ಹೋದ ಮೇಲೂ ಹನ್ನೊಂದು ವರ್ಷ ನಿಮ್ಮವರಿಗೆ ಪ್ಯಾರಾಚೂಟ್ ನೋಡಿಕೊಟ್ಟಿದೀನಿ. ಯಾರೂ ಬಿದ್ದು ಸತ್ತಿಲ್ಲ.”

“ಇದನ್ನ ಬರ್ಕೋಬೇಡಮ್ಮ,” ಅಧ್ಯಕ್ಷರ ಧ್ವನಿ. ಈಗ ಮೆತ್ತಗಿಲ್ಲ.

“ಬರ್ಕೊಳ್ಳಮ್ಮ,” ಅನ್ನುತ್ತಿದ್ದಾನೆ ಕೊಕ್ಕರೆ. “ನನ್ನ ಸೇವಾ ಸಂಖ್ಯೆಯಿಂದ ಶುರು ಮಾಡು. ನಿಧಾನವಾಗಿ ಹೇಳ್ತೀನಿ.”

ಗುಮಾಸ್ತೆ ಅಧ್ಯಕ್ಷರನ್ನೊಮ್ಮೆ, ಅವನನ್ನೊಮ್ಮೆ ನೋಡುತ್ತಿದ್ದಾಳೆ.

ಅವನು ಸಂಖ್ಯೆ ಹೇಳಿದ.

ಇಗೋ. ಅವಳು ಟೈಪ್ ಮಾಡುತ್ತಿದ್ದಾಳೆ. ಇನ್ನು ನಾನು ಬಾಯಿ ಮುಚ್ಚುತ್ತೇನೆ, ಒಂದು ಅಕ್ಷರವೂ ತಪ್ಪದ ಹಾಗೆ ಕೇಳಿಸಿಕೊಳ್ಳಬೇಕು.